ಕೈಫೆಂಗಿನ ದೀಪೋತ್ಸವ

ಚೀನೀಯರ ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆಯಂದು ಬೀದಿಬೀದಿಗಳಲ್ಲಿ ದೀಪಗಳನ್ನು ತೂಗುಬಿಡುವ ಪದ್ಧತಿ ಬಹು ಪ್ರಾಚೀನವಾದುದು. ಆದರೆ ಅದು ಊರಿಗೆ ಊರೇ ಹೊರಬಂದು ನೋಡುವ ನಗರೋತ್ಸವವಾಗಿ ಬೆಳೆದುದರಲ್ಲಿ ಭಕ್ತಿಯಷ್ಟೇ ರಾಜಾಜ್ಞೆಯ ಪಾತ್ರವೂ ಹಿರಿದೆಂದು ಹೇಳಬೇಕು. ತಾಂಗ್ ಅರಸರ ಚಾಂಗಾನ್ ನಗರದಲ್ಲಿ ಸಂಜೆಯ ನಗಾರಿ ಮೊಳಗಿ ನಿಂತೊಡನೆ ಕೇರಿಕೇರಿಯ ಬಾಗಿಲುಗಳು ಮುಚ್ಚುತ್ತಿದ್ದವು; ಆ ಬಳಿಕ ರಾಜಬೀದಿಯಲ್ಲಿ ಸಿಕ್ಕಿಬಿದ್ದವನಿಗೆ ಇಪ್ಪತ್ತು ಏಟುಗಳೆಂದು ದಂಡಸಂಹಿತೆಯೇ ವಿಧಿಸಿದ್ದಿತು. ಹುಣ್ಣಿಮೆಯ ಆಸುಪಾಸಿನ ಮೂರು ಇರುಳು ಮಾತ್ರ ಈ ನಿರ್ಬಂಧಕ್ಕೆ ಬಿಡುವು. ದೀಪಗಳನ್ನು ನೋಡುವುದಕ್ಕಿಂತ, ಅಂಜದೆ ಇರುಳಿನಲ್ಲಿ ಅಡ್ಡಾಡುವುದೇ ಅಂದಿನ ಜನಕ್ಕೆ ಮಿಗಿಲಾದ ಸಂಭ್ರಮವಾಗಿದ್ದಿರಬೇಕು. 967ರಲ್ಲಿ ಸಾಂಗ್ ವಂಶದ ಮೊದಲ ಚಕ್ರವರ್ತಿಯು ಮೂರಕ್ಕೆ ಎರಡನ್ನು ಕೂಡಿಸಿ ಐದು ಇರುಳುಗಳನ್ನು ಅನುಗ್ರಹಿಸಿದನು.

ಆ ವಂಶದ ರಾಜಧಾನಿಯಾದ ಕೈಫೆಂಗಿನಲ್ಲಿ ಹ್ವೀಚುಂಗ್ ಚಕ್ರವರ್ತಿಯ ಕಾಲಕ್ಕೆ ಉತ್ಸವವು ಪರಾಕಾಷ್ಠೆಯನ್ನು ಮುಟ್ಟಿತು. ಅರಮನೆಯ ಮಹಾದ್ವಾರದೆದುರು ಮರದ ಚೌಕಟ್ಟು ಕಟ್ಟಿ, ಬಣ್ಣದ ಪಟ್ಟೆಗಳನ್ನು ಹೊದಿಸಿ, ದೀಪಗಳ ಬೆಟ್ಟವೊಂದನ್ನೇ ನಿಲ್ಲಿಸುತ್ತಿದ್ದರು. ಅದರ ಇಕ್ಕೆಲಗಳಲ್ಲಿ ಸಿಂಹವಾಹನನಾದ ಮಂಜುಶ್ರೀ, ಶ್ವೇತಗಜವನ್ನೇರಿದ ಸಮಂತಭದ್ರ: ಭರತಖಂಡದಿಂದ ಹೊರಟ ಈ ಬೋಧಿಸತ್ತ್ವರು ಅಲ್ಲಿ ಚೀನೀ ಜಾತ್ರೆಯ ಯಜಮಾನರಾಗಿ ನಿಂತಿದ್ದುದನ್ನು ಓದುವಾಗ ಕನ್ನಡಿಗನಿಗೆ ನಗುವೂ ಅಭಿಮಾನವೂ ಒಟ್ಟಿಗೆ ಬರುತ್ತವೆ. ಆ ಮೂರ್ತಿಗಳ ಕೈಗಳು ಅಲುಗುತ್ತಿದ್ದವು. ಐದೈದು ಬೆರಳುಗಳಿಂದಲೂ ನೀರು ಧಾರೆಯಾಗಿ ಸುರಿಯುತ್ತಿದ್ದಿತು. ರಾಟೆಯಿಂದ ನೀರನ್ನು ಬೆಟ್ಟದ ನೆತ್ತಿಗೇರಿಸಿ, ಮರದ ತೊಟ್ಟಿಯಲ್ಲಿ ತುಂಬಿಟ್ಟು, ಆಗಾಗ ಜಲಪಾತದಂತೆ ಕೆಳಗಿಳಿಯಬಿಡುತ್ತಿದ್ದರು. ಹುಲ್ಲಿನಿಂದ ಹೆಣೆದು ಹಸಿರು ಬಟ್ಟೆ ಹೊದಿಸಿದ ನಾಗಗಳ ಮೈತುಂಬ ಅಸಂಖ್ಯ ದೀಪಗಳು. ದೊರೆಯು ಪ್ರಜೆಗಳೊಡನೆ ಸುಖಿಸುವನೆಂದು ಸಾರುವ ಫಲಕವನ್ನೂ ತೂಗುಹಾಕಿದ್ದರು. ಇಂತಹ ಮಾತನ್ನು ಫಲಕದ ಮೇಲೆ ಬರೆಯಬೇಕಾಗಿ ಬಂದುದು ಸೋಜಿಗವೇ ಸರಿ!

ಸರಕಾರದ ಔದಾರ್ಯವು ಇಲ್ಲಿಗೇ ನಿಲ್ಲಲಿಲ್ಲ. ಹೊಸವರ್ಷದ ಮೂರು ದಿನ ಪಣವೊಡ್ಡಿ ಸಾಮಾನು ಗೆಲ್ಲುವ ಜೂಜಿಗೆ ನಗರಾಧಿಕಾರಿಗಳೇ ಅಪ್ಪಣೆ ಕೊಡುತ್ತಿದ್ದರು. ಮೂರನೆಯ ತಿಂಗಳ ಪಾಡ್ಯದಿಂದ ರಾಜವಂಶದ ಜಿನ್‌ಮಿಂಗ್ ಸರೋವರವು ಸಾಮಾನ್ಯರಿಗೂ ತೆರೆಯುತ್ತಿದ್ದಿತು.

1127ರಲ್ಲಿ ಉತ್ತರದಿಂದ ದಂಡೆತ್ತಿ ಬಂದ ಜುರ್ಚೆನ್ನರು ನಗರವನ್ನು ಗೆದ್ದು, ಹ್ವೀಚುಂಗನನ್ನೂ ಆತನ ಮಗನನ್ನೂ ಸೆರೆಹಿಡಿದು ಉತ್ತರಕ್ಕೆ ಒಯ್ದರು. ದಕ್ಷಿಣಕ್ಕೆ ಓಡಿಬಂದವರಲ್ಲಿ ಮೆಂಗ್ ಯುವಾನ್‌ಲಾವ್ ಎಂಬಾತನೊಬ್ಬನಿದ್ದನು. ಮೇಲೆ ಹೇಳಿದ ಕೈಫೆಂಗಿನ ಉತ್ಸವವಿವರಗಳೆಲ್ಲ ದೊರೆಯುವುದು ಆತನ ಗ್ರಂಥದಲ್ಲಿಯೇ. ಹಳೆಯ ರಾಜಧಾನಿಯ ವಿಷಯವಾಗಿ ಕಿರಿಯರು ಬಾಯಿಗೆ ಬಂದಂತೆ ಆಡುವುದನ್ನು ಕೇಳಿ ಬೇಸತ್ತು ತಾನು ಬರೆದುದಾಗಿ 1147ರ ಮುನ್ನುಡಿಯಲ್ಲಿ ಹೇಳಿರುವನು; ಭಾಷೆ ಒರಟಾಗಿದ್ದರೆ ಅದು ಪಂಡಿತಪಾಮರರಿಬ್ಬರಿಗೂ ತಿಳಿಯಲೆಂದೇ ಎಂದೂ ಸೇರಿಸಿರುವನು.