ಹೆರಿಗೆಗೆ ಮೈಯನ್ನು ಅಣಿಗೊಳಿಸಿದ ಕತೆ



ಏಳನೆಯ ತಿಂಗಳಿಗೋ ಒಂಬತ್ತನೆಯ ತಿಂಗಳಿಗೋ ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವುದು ನಮ್ಮ ಗಡಿನಾಡಿನ ಮನೆಗಳಲ್ಲಿ ನಡೆದುಬಂದ ಪದ್ಧತಿ. ನಾವು ಸೀಮಂತ, ಕುಬಸ ಎಂದರೆ ತಾಳವಾಡಿಯ ತಮಿಳು ನೆರೆಯವರು ವಳೈಕಾಪ್ಪು ಎನ್ನುತ್ತಾರೆ, ಅಕ್ಕಲಕೋಟೆಯ ಮರಾಠಿ ನೆರೆಯವರು ಡೋಹಾಳಜೇವಣ ಎನ್ನುತ್ತಾರೆ. ಮಾತು ಬೇರೆಯಾದರೂ ಅಂದು ಪಡಸಾಲೆಯಲ್ಲಿ ಎರಡು ಬುದ್ಧಿಮಾತು ಎಲ್ಲ ಭಾಷೆಯಲ್ಲೂ ಕೇಳಿಬರುತ್ತವೆ. ಒಬ್ಬ ಅಜ್ಜಿ, "ಅಲುಗಾಡಬೇಡ ಮಗಳೇ, ಕೂತಿರು" ಎನ್ನುತ್ತಾಳೆ. ಇನ್ನೊಬ್ಬಳು, "ಹೆರುವ ದಿನವೂ ನಾನು ಬೀಸುವ ಕಲ್ಲು ತಿರುವಿದೆ. ದುಡಿದರೆ ಹೆರಿಗೆ ಸಲೀಸು" ಎನ್ನುತ್ತಾಳೆ. ಯಾರ ಮಾತು ನಿಜ? ಈ ಪ್ರಶ್ನೆಗೆ ನೂರು ವರ್ಷಗಳ ಇತಿಹಾಸವಿದೆ. ಅದನ್ನು ನಿಮ್ಮ ಮುಂದಿಡುತ್ತೇನೆ.

ಕತೆ ಶುರುವಾಗುವುದು ನಮ್ಮ ದೇಶದ ಕಾಶ್ಮೀರದಿಂದ. ಅಲ್ಲಿ ಕೆಲಸ ಮಾಡಿದ ಇಂಗ್ಲಿಷ್ ವೈದ್ಯೆ ಕ್ಯಾಥ್ಲೀನ್ ವಾನ್ ಅವರ ಬಳಿಗೆ ಹೆರಲಾರದೆ ಸಂಕಟಪಡುವ ಹೆಂಗಸರು ಬರುತ್ತಿದ್ದರು. ಅವರ ಎಲುಬು ಮೆತ್ತಗಾಗಿ, ಸೊಂಟದ ಗೂಡು ಕುಗ್ಗಿ, ಮಗು ಹೊರಬರುವ ದಾರಿಯೇ ಕಿರಿದಾಗಿರುತ್ತಿತ್ತು. ಇವರಲ್ಲಿ ಬಹಳ ಮಂದಿ ಘೋಷಾದಲ್ಲಿ, ಬಿಸಿಲು ಕಾಣದ ಕೋಣೆಗಳಲ್ಲಿ ಬೆಳೆದವರು. ಅದೇ ಊರಿನ ದೋಣಿಯವರ ಹೆಂಗಸರು ಬಿಸಿಲಲ್ಲಿ ಹುಟ್ಟು ಹಾಕುತ್ತ, ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುತ್ತ ಇದ್ದವರು. ಅವರಿಗೆ ಈ ಕಷ್ಟ ಇರಲಿಲ್ಲ. 1928ರಲ್ಲಿ ವಾನ್ ಘೋಷಾ ಪದ್ಧತಿಯಿಂದ ತಾಯ್ತನಕ್ಕೆ ಆಗುವ ಹಾನಿಯ ಬಗ್ಗೆ ಪುಸ್ತಕ ಬರೆದರು. 1951ರಲ್ಲಿ ಹೆರಿಗೆಗೆ ಮುಂಚಿನ ವ್ಯಾಯಾಮಗಳ ಬಗ್ಗೆಯೇ ಇನ್ನೊಂದು ಪುಸ್ತಕ ತಂದರು. ಕುಕ್ಕರಗಾಲಿನಲ್ಲಿ ಕೂರುವುದು, ಕೀಲುಗಳನ್ನು ಸಡಿಲವಾಗಿಡುವುದು ಅವರು ಒತ್ತಿ ಹೇಳಿದ ಸಂಗತಿಗಳು.

ಇಲ್ಲಿ ಒಂದು ಮಾತು ಗಮನಿಸಿ. ದೋಣಿಯವರ ಹೆಂಗಸರನ್ನು ಕಾಪಾಡಿದ್ದು ಬರಿಯ ದುಡಿತವಲ್ಲ. ಬಿಸಿಲು ಬಿದ್ದ ಚರ್ಮದಲ್ಲಿ ಡಿ ಜೀವಸತ್ವ ಉಂಟಾಗುತ್ತದೆ, ಅದು ಊಟದ ಸುಣ್ಣದಂಶವನ್ನು ಮೈಗೆ ಹತ್ತಿಸಿ ಎಲುಬನ್ನು ಗಟ್ಟಿಮಾಡುತ್ತದೆ. ಬಿಸಿಲೂ ಊಟವೂ ಇಲ್ಲದ ಮೈಗೆ ವ್ಯಾಯಾಮವೊಂದರಿಂದ ಎಲುಬು ಬಾರದು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಗ್ರ್ಯಾಂಟ್ಲಿ ಡಿಕ್-ರೀಡ್ ಎಂಬ ವೈದ್ಯರು ಮೈಗಿಂತ ಮನಸ್ಸಿನ ಕಡೆ ನೋಡಿದರು. ಲಂಡನ್ನಿನ ಬಡವರ ಕೇರಿಯಲ್ಲಿ ಒಬ್ಬ ತಾಯಿ ಮತ್ತಿನ ಔಷಧ ಬೇಡವೆಂದು ತಾನೇ ನಿರಾಳವಾಗಿ ಹೆತ್ತದ್ದು ಅವರ ಕಣ್ಣು ತೆರೆಸಿತಂತೆ. ಅಂಜಿಕೆಯಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವಿನಿಂದ ಅಂಜಿಕೆ ಮತ್ತೆ ಬೆಳೆಯುತ್ತದೆ ಎಂದು 1933ರ ತಮ್ಮ ಪುಸ್ತಕದಲ್ಲಿ ಬರೆದರು. ಆದ್ದರಿಂದ ಹೆರಿಗೆಯಲ್ಲಿ ಏನಾಗುತ್ತದೆಂದು ತಾಯಿಗೆ ಮೊದಲೇ ತಿಳಿಸಿ, ಉಸಿರಾಟ ಕಲಿಸಿ, ಮೈ ಸಡಿಲಬಿಡುವುದನ್ನು ರೂಢಿಮಾಡಿಸಿದರು.

ಆದರೆ ಅವರದೂ ಒಂದು ತಪ್ಪು ಇತ್ತು. ನಾಗರಿಕತೆಯಿಂದ ದೂರವಿದ್ದ ಹೆಂಗಸರು ಸುಲಭವಾಗಿ ಹೆರುತ್ತಾರೆ ಎಂದು ಅವರು ನಂಬಿದ್ದರು. ಹೊಲದಲ್ಲಿ, ಬೀಡಿ ಮೊರದ ಮುಂದೆ ದುಡಿಯುವ ನಮ್ಮ ಅಕ್ಕತಂಗಿಯರಿಗೆ ನೋವು ಎಷ್ಟೆಂದು ನಿಮಗೆ ಗೊತ್ತು. "ಅವಳಿಗೆ ರೂಢಿಯಿದೆ, ತಡೆದುಕೊಳ್ಳುತ್ತಾಳೆ" ಎಂಬ ಮಾತಿನಿಂದ ಆಸ್ಪತ್ರೆಗೆ ತಡವಾಗಿ ಹೊರಟ ಗಾಡಿಗಳೂ ನಿಮಗೆ ಗೊತ್ತು.

ಮುಂದಿನ ಹೆಜ್ಜೆ ಸೋವಿಯತ್ ದೇಶದ್ದು. ಅಲ್ಲಿನ ವೈದ್ಯರು ತಾಯಂದಿರಿಗೆ ಪಾಠ ಹೇಳಿ, ಉಸಿರಿನ ಅಭ್ಯಾಸ ಮಾಡಿಸಿ ಹೆರಿಗೆಗೆ ತಯಾರು ಮಾಡುತ್ತಿದ್ದರು. 1951ರಲ್ಲಿ ಅದನ್ನು ಕಂಡುಬಂದ ಫ್ರೆಂಚ್ ವೈದ್ಯ ಫರ್ನಾಂ ಲಾಮಾಜ್, ಪ್ಯಾರಿಸಿನ ಲೋಹ ಕಾರ್ಮಿಕರ ಸಂಘದ ಆಸ್ಪತ್ರೆಯಲ್ಲಿ ಅದನ್ನು ಆರಂಭಿಸಿದರು. ಅಂದರೆ ಇಂದು ಪಟ್ಟಣದಲ್ಲಿ ದುಡ್ಡು ಕೊಟ್ಟು ಕಲಿಯುವ ಲಾಮಾಜ್ ಪದ್ಧತಿ ಮೊದಲು ಹೆಸರಾದದ್ದು ಕೂಲಿಕಾರರ ಆಸ್ಪತ್ರೆಯಲ್ಲಿ. ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ 1948ರಲ್ಲಿ ಹೆತ್ತವರಿಗಾಗಿ ಇನ್ನೊಂದು ಅಭ್ಯಾಸ ತಿಳಿಸಿದರು. ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಆಗಾಗ ಬಿಗಿದು ಬಿಡುವುದೇ ಅದು. ಅದನ್ನು ಈಗ ಬಸುರಿಯಲ್ಲೇ ಕಲಿಸುತ್ತಾರೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವ ತೊಂದರೆ ಇದರಿಂದ ಕಡಿಮೆಯಾಗುತ್ತದೆ. ಹೇಳಲು ನಾಚಿ ಮುದುಕಿಯಾಗುವ ತನಕ ಈ ಕಷ್ಟ ಅನುಭವಿಸುವವರು ನಮ್ಮಲ್ಲಿ ಎಷ್ಟು ಮಂದಿ!

ಹಾಗಾದರೆ ಪಡಸಾಲೆಯ ಇಬ್ಬರು ಅಜ್ಜಿಯರಲ್ಲಿ ಗೆದ್ದವರು ಯಾರು? ಇಬ್ಬರದೂ ಅರ್ಧ ನಿಜ. ಅಡ್ಡಿಯಿಲ್ಲದ ಬಸುರಿಯಲ್ಲಿ ಕೂತೇ ಇರುವುದು ಒಳ್ಳೆಯದಲ್ಲ. ವಾರಕ್ಕೆ 150 ನಿಮಿಷದಷ್ಟು ಹದವಾದ ನಡಿಗೆ, ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ಅದು ನಾಲ್ಕು ಕೊಡ ನೀರು ಹೊರಿಸಲು, ಕಳೆ ಕೀಳಲು ಕಳಿಸಲು ಕೊಟ್ಟ ಪರವಾನಗಿ ಅಲ್ಲ. ದುಡಿತದಲ್ಲಿ ಮೈ ಸೋಲುತ್ತದೆ, ವ್ಯಾಯಾಮದ ಜೊತೆ ಊಟ ಮತ್ತು ವಿಶ್ರಾಂತಿ ಇರಬೇಕು. ರಕ್ತ ಕಡಿಮೆ ಇದ್ದವರು, ರಕ್ತದೊತ್ತಡ ಇದ್ದವರು ದಾದಿಯನ್ನೋ ವೈದ್ಯರನ್ನೋ ಕೇಳಿಯೇ ಶುರುಮಾಡಲಿ. ರಕ್ತ ಕಂಡರೆ, ನೀರು ಹೋದರೆ, ತಲೆಸುತ್ತು ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಇನ್ನೊಂದು ಮಾತು. ಯಾವ ವ್ಯಾಯಾಮವೂ ಸುಲಭ ಹೆರಿಗೆಗೆ ಖಾತರಿಯಲ್ಲ. ಸಿಸೇರಿಯನ್ ಆದವಳನ್ನು "ಮೈ ಬಗ್ಗಿಸಲಿಲ್ಲ" ಎಂದು ಹೀಯಾಳಿಸಬೇಡಿ.

ಮಡಕಶಿರಾಕ್ಕೆ ಅಂಟಿಕೊಂಡ ಪಾವಗಡ ಸೀಮೆಯ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮ ಇದ್ದರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಪಡೆಯದೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇಂದು ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಆದರೆ ಅಂಥ ಕೈಯೊಂದು ಹೆರುವವಳ ಕೈಯಲ್ಲಿ ಇರಲಿ. ತಾಯಿ ಬಯಸಿದ ಜೊತೆಗಾರರು ಹೆರಿಗೆ ಕೋಣೆಯಲ್ಲಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಹೇಳಿದೆ.

ಮುಂದಿನ ಸೀಮಂತಕ್ಕೆ ಹೋದಾಗ ಬಳೆಯ ಜೊತೆಗೆ ಮಗಳಿಗೆ ಇದನ್ನೂ ಕೇಳಿ: "ಸಂಜೆ ನಾಲ್ಕು ಹೆಜ್ಜೆ ನಡೆಯೋಣವೇನೆ? ನಾನೂ ಬರ್ತೀನಿ."