ಲಿಪೊಸಕ್ಷನ್ ಮಾಡಿಸಿದರೆ ಜೋತುಬಿದ್ದ ಚರ್ಮವೂ ಹೋಗುತ್ತದೆಯೇ?

ಕಷ್ಟಪಟ್ಟು ತೂಕ ಇಳಿಸಿದ್ದೀರಿ. ಆದರೆ ಕೈ ಎತ್ತಿದರೆ ತೋಳಿನ ಚರ್ಮ ಜೋತಾಡುತ್ತದೆ, ನಡೆದರೆ ತೊಡೆ ಉಜ್ಜಿ ಉರಿಯುತ್ತದೆ. ಇಂಥವರ ಮೊಬೈಲಿಗೆ ಎರಡು ಬಗೆಯ ಫಾರ್ವರ್ಡ್ ಬರುತ್ತವೆ: ಎಣ್ಣೆ ತಿಕ್ಕಿದರೆ ಚರ್ಮ ಬಿಗಿಯಾಗುತ್ತದೆ ಎನ್ನುವುದು ಒಂದು, ‘ಬೆಳಗ್ಗೆ ಲಿಪೊ, ಸಂಜೆ ಮನೆಗೆ, ಎಲ್ಲ ಮಾಯ’ ಎನ್ನುವುದು ಇನ್ನೊಂದು.

ಎಣ್ಣೆಯ ಮಾತು ಸುಳ್ಳು. ಚರ್ಮವನ್ನು ಬಿಗಿಯಾಗಿ ಹಿಡಿದಿಡುವುದು ಕೊಲಾಜನ್, ಎಲಾಸ್ಟಿನ್ ಎಂಬ ನಾರುಗಳು. ವರ್ಷಗಟ್ಟಲೆ ಹಿಗ್ಗಿ ಹಾಳಾದ ನಾರನ್ನು ಯಾವ ಎಣ್ಣೆಯೂ ಸರಿಮಾಡದು. ವ್ಯಾಯಾಮದಿಂದ ಸ್ನಾಯು ತುಂಬಿಕೊಂಡು ಸ್ವಲ್ಪ ವಾಸಿ ಕಾಣಬಹುದು, ಅಷ್ಟೇ. ಚಿಕ್ಕ ವಯಸ್ಸಿನವರು ಸ್ವಲ್ಪವೇ ತೂಕ ಇಳಿಸಿದ್ದರೆ ಚರ್ಮ ತಾನಾಗಿಯೇ ಕುಗ್ಗುವುದೂ ಉಂಟು.

ಲಿಪೊಸಕ್ಷನ್ ಕೊಳವೆಯಿಂದ ಕೊಬ್ಬನ್ನು ಮಾತ್ರ ಹೀರುತ್ತದೆ. ದಿಂಬಿನ ಹತ್ತಿ ತೆಗೆದರೆ ಗವಸು ಇನ್ನಷ್ಟು ಸುಕ್ಕಾಗುವ ಹಾಗೆ, ಸಡಿಲ ಚರ್ಮ ಇದ್ದವರಿಗೆ ಇದರಿಂದ ಜೋತು ಹೆಚ್ಚಲೂಬಹುದು. ಚರ್ಮ ಹೋಗಬೇಕೆಂದರೆ ಕತ್ತರಿಸಿ ಹೊಲಿಯಲೇಬೇಕು. ತೋಳಿಗೆ ಬ್ರಾಕಿಯೋಪ್ಲಾಸ್ಟಿ, ತೊಡೆಗೆ ಥೈ ಲಿಫ್ಟ್. ತೋಳಿನಲ್ಲಿ ಗಾಯದ ಗೆರೆ ಸಾಮಾನ್ಯವಾಗಿ ಕಂಕುಳಿಂದ ಮೊಣಕೈವರೆಗೆ ಬರುತ್ತದೆ. ತೊಡೆಸಂದಿನಿಂದ ಕೆಲವೊಮ್ಮೆ ಮಂಡಿಯ ತನಕವೂ ಇಳಿಯುತ್ತದೆ. ಅದು ಮಾಸುತ್ತದೆ, ಅಳಿಸಿಹೋಗುವುದಿಲ್ಲ. ‘ಕಲೆಯೇ ಇರಲ್ಲ’ ಎನ್ನುವ ಜಾಹೀರಾತನ್ನು ಅಲ್ಲಿಗೇ ಬಿಟ್ಟುಬಿಡಿ. ಹೊಲಿಗೆ ಬಿಚ್ಚುವುದು, ನೀರು ತುಂಬುವುದು, ಸೋಂಕು, ಜೋಮು ಇವೂ ಆಗಬಹುದು; ತೊಡೆಯ ಗಾಯ ಒಣಗುವುದು ಇನ್ನೂ ತ್ರಾಸದ ಕೆಲಸ.

ಎರಡರಲ್ಲಿ ಯಾವುದೂ ಬ್ಯೂಟಿ ಪಾರ್ಲರ್ ಕೆಲಸ ಅಲ್ಲ. 2022ರ ಮೇ 16ರಂದು ರಾಜಾಜಿನಗರದ ಖಾಸಗಿ ಕಾಸ್ಮೆಟಿಕ್ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿ ಚೇತನಾ ರಾಜ್ ಬದುಕಿ ಮನೆಗೆ ಬರಲಿಲ್ಲ. ವಯಸ್ಸು 21. ಶಸ್ತ್ರಚಿಕಿತ್ಸೆಯ ಬಳಿಕ ಸ್ಥಿತಿ ಬಿಗಡಾಯಿಸಿ ಬೇರೆ ಆಸ್ಪತ್ರೆಗೆ ಸಾಗಿಸಿದರೂ ಉಳಿಸಿಕೊಳ್ಳಲು ಆಗಲಿಲ್ಲ. ವೈದ್ಯರ ನಿರ್ಲಕ್ಷ್ಯವೇ ಕಾರಣ, ನಮ್ಮ ಒಪ್ಪಿಗೆಯನ್ನೂ ಕೇಳಲಿಲ್ಲ ಎಂದು ಹೆತ್ತವರು ದೂರಿದ್ದರು. (18 ತುಂಬಿದವರ ಶಸ್ತ್ರಚಿಕಿತ್ಸೆಗೆ ಕಾನೂನು ಕೇಳುವುದು ಅವರದೇ ಸಹಿಯನ್ನು. ಮನೆಯವರಿಗೆ ಹೇಳಿ ಹೋಗುವುದು ಬೇರೆ ಮಾತು, ಹೇಳಿಯೇ ಹೋಗಿ.)

ವಿಜಯನಗರವಾಗಲಿ ಕೆಂಗೇರಿಯಾಗಲಿ, ಬೋರ್ಡು ನೋಡಿ ಒಳಗೆ ಹೋದ ಮೇಲೆ ಕೆಪಿಎಂಇ ನೋಂದಣಿ ಪ್ರಮಾಣಪತ್ರ ಎಲ್ಲಿ ಹಾಕಿದ್ದಾರೆ ನೋಡಿ. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದ್ದಾರಾ, ಅರಿವಳಿಕೆ ತಜ್ಞರು ಯಾರು, ಐಸಿಯು ಅದೇ ಕಟ್ಟಡದಲ್ಲಿದೆಯೇ ಎಂದು ಕೇಳಿ. ಸಂಕೋಚ ಬೇಡ. ತೂಕ ಕೆಲವು ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಂತಿರಬೇಕು. ಬೇರಿಯಾಟ್ರಿಕ್ ಸರ್ಜರಿ ಆದವರು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಸಿಗರೇಟು ಸೇದುವವರ ಗಾಯ ಬೇಗ ಕೂಡುವುದಿಲ್ಲ, ವಾರಗಳ ಮುಂಚೆಯೇ ಬಿಡಬೇಕು. ಅಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ದುಡ್ಡು ಕೊಡುವುದಿಲ್ಲ.

ಮನೆಗೆ ಬಂದ ಮೇಲೆ ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಅದು ರಕ್ತ ಹೆಪ್ಪುಗಟ್ಟಿರುವ ಲಕ್ಷಣ ಇರಬಹುದು. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.