ಧಾತು ಈಶ್ವರದ ಮಕ್ಕಳು

2015ರ ಮೇ ತಿಂಗಳು. ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳದಲ್ಲಿ ಒಂಬತ್ತು ಸಾವಿರದಷ್ಟು ಜನ ಸತ್ತಿದ್ದರು. ಅಲ್ಲಿನ ಅನಾಥ ಮಕ್ಕಳಿಗೆ ವಸತಿ ಕಟ್ಟಿಸುತ್ತೇವೆಂದ ಒಂದು ಸಂಸ್ಥೆಗೆ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಹಣ ಕೂಡಿಸಲು ಹೊರಟರು. ಚಿಕ್ಕಪೇಟೆಯಲ್ಲೇ ಹುಟ್ಟಿ ಬೆಳೆದವನು, ಅಂಗಡಿಯವರ ಮಕ್ಕಳಿಗೆ ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವನು ಎಂದು ರಸೀದಿ ಪುಸ್ತಕ ನನ್ನ ಕೈಗೆ ಬಂತು. ಮೇಷ್ಟ್ರು ಬಂದರೆ ಇಲ್ಲವೆನ್ನುವುದು ಕಷ್ಟ ಎಂಬ ಲೆಕ್ಕಾಚಾರ ಅವರದು. ಲೆಕ್ಕ ತಪ್ಪಲಿಲ್ಲ. ಮೊದಲ ದಿನವೇ ಅರ್ಧ ಪುಸ್ತಕ ಮುಗಿಯಿತು.

ಎರಡನೆಯ ದಿನ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಸಿಕ್ಕಿಕೊಂಡೆ. ಗಾದಿಯ ಮೇಲೆ ಕೂತಿದ್ದ ಯಜಮಾನರು ನನಗಿಂತ ಹತ್ತು ವರ್ಷ ಹಿರಿಯರು. ಕಾಫಿ ತರಿಸಿದರು. ಆಮೇಲೆ, "ಕೊಡ್ತೀನಿ ಮೇಷ್ಟ್ರೇ, ಇಲ್ಲ ಅನ್ನಲ್ಲ. ಒಂದು ಮಾತು ಹೇಳಿ. ಧಾತು ಈಶ್ವರದ ಬರ ಅಂತ ನಮ್ಮಜ್ಜಿ ಹೇಳ್ತಿದ್ರು, ಅವರಮ್ಮನಿಂದ ಕೇಳಿದ್ದು. ಪೇಟೆ ಬೀದೀಲಿ ಮಕ್ಕಳು ಬಿದ್ದಿರ್ತಿದ್ವಂತೆ. ಆ ಮಕ್ಕಳಿಗೆ ಯಾರು ಮನೆ ಕಟ್ಟಿಸಿದ್ರು?" ಎಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಆ ಬರದ ಬಗ್ಗೆ ವರ್ಷ ವರ್ಷವೂ ಎರಡೇ ಸಾಲಿನ ಟಿಪ್ಪಣಿ ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದವನು ನಾನು. ತಿಳಿದುಕೊಂಡು ಬರುತ್ತೇನೆ ಎಂದು ಎದ್ದೆ. "ಚೆಕ್ಕೂ ಅವತ್ತೇ ಬರೀತೀನಿ" ಎಂದು ನಕ್ಕರು.

ಧಾತು ಎಂದರೆ 1876-77, ಈಶ್ವರ ಎಂದರೆ 1877-78. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು; ಚಾಮರಾಜ ಒಡೆಯರು ಇನ್ನೂ ಹುಡುಗ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ ಎಣಿಸಿದಾಗ 41,86,188. ಹೆಚ್ಚಬೇಕಾಗಿದ್ದ ತಲೆಗಳು ಎಂಟೂಮುಕ್ಕಾಲು ಲಕ್ಷದಷ್ಟು ಕಡಿಮೆಯಾಗಿದ್ದವು. ಅದೇ ವರ್ಷ ರಾಜ್ಯ ಒಡೆಯರಿಗೆ ಮರಳಿ ಬಂದಾಗ ಜೊತೆಗೆ ಬಂದದ್ದು ಬರದ ಎಂಬತ್ತು ಲಕ್ಷ ರೂಪಾಯಿ ಸಾಲ. ಇಂದು ನಾವು ಹಾಯಾಗಿ ಮೈಸೂರಿಗೆ ಹೋಗುವ ರೈಲು ದಾರಿಗೆ ಮಣ್ಣು ಹೊತ್ತವರು ಆ ಹಸಿದ ಜನವೇ.

ಹಳ್ಳಿಯಲ್ಲಿ ಕಾಳು ಮುಗಿದ ಮೇಲೆ ಜನ ಬೆಂಗಳೂರಿನ ದಾರಿ ಹಿಡಿದರು. ಮದರಾಸಿನಿಂದ ರೈಲು ದಂಡಿಗೆ ಬಂದದ್ದು 1864ರಲ್ಲಿ. ಹೊರಗಿನ ಅಕ್ಕಿ ಬಂದು ಇಳಿಯುತ್ತಿದ್ದ ಊರು ಇದು. ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಇರಲಿಲ್ಲ. ತರಗುಪೇಟೆಯ ಮೂಟೆಗಳ ಮಗ್ಗುಲಲ್ಲೇ ಹಸಿವೂ ಇತ್ತು ಎಂದರೆ ಇಂದು ನಂಬುವುದು ಕಷ್ಟ.

ಇನ್ನು ಯಜಮಾನರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಲಂಡನ್ನು. 1877ರ ಆಗಸ್ಟಿನಲ್ಲಿ ಮದರಾಸಿನಲ್ಲಿ ಸಭೆ ಸೇರಿದವರು ಲಂಡನ್ನಿನ ಮೇಯರಿಗೆ ತಂತಿ ಕೊಟ್ಟರು. ಮೇಯರರ ಮ್ಯಾನ್ಷನ್ ಹೌಸ್‌ನಲ್ಲಿ ನಿಧಿ ತೆರೆಯಿತು. ಖಾಸಗಿ ದಾನ ಸರ್ಕಾರದ ಏರ್ಪಾಡನ್ನು ಕೆಡಿಸುತ್ತದೆಂದು ವೈಸರಾಯ್ ಲಿಟ್ಟನ್ನರಿಗೆ ಇದು ರುಚಿಸಲಿಲ್ಲ. ಅದೇ ಜನವರಿಯಲ್ಲಿ ದಿಲ್ಲಿಯಲ್ಲಿ ವೈಭವದ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರಿದ್ದವರು ಅವರೇ. ಆದರೂ ಜನ ಕೊಟ್ಟರು. ಐದು ಲಕ್ಷ ಪೌಂಡಿಗೂ ಮೇಲೆ ಕೂಡಿತು. ಮದರಾಸಿನ ಪತ್ರಿಕಾ ಸಂಪಾದಕ, ನಿಧಿಯ ಕಾರ್ಯದರ್ಶಿ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಈ ಕಥೆಯನ್ನೆಲ್ಲ ಬರೆದಿಟ್ಟ. ಲ್ಯಾಂಕಾಶೈರಿನವರೂ ಕೊಟ್ಟರು. 1862ರ ಸುಮಾರಿಗೆ ಹತ್ತಿಯಿಲ್ಲದೆ ಅವರ ಗಿರಣಿಗಳು ನಿಂತಾಗ ಇಂಡಿಯಾದಿಂದ ಅಲ್ಲಿಗೆ ಹಣ ಹೋಗಿತ್ತು. ನಮ್ಮ ಪೇಟೆಯ ಮಗ್ಗಗಳನ್ನು ಕಂಗೆಡಿಸಿದ್ದೂ ಆ ಗಿರಣಿಗಳ ಬಟ್ಟೆಯೇ ಎಂಬುದು ಬೇರೆ ಮಾತು.

ಅಂದರೆ ನೂರಮೂವತ್ತೆಂಟು ವರ್ಷದ ಹಿಂದೆ ನಾವೇ ನೇಪಾಳ. ನಮ್ಮ ಮಕ್ಕಳಿಗಾಗಿ ಯಾರೋ ಯಾವುದೋ ಬೀದಿಯಲ್ಲಿ ನನ್ನ ಹಾಗೆ ಅಂಗಡಿ ಅಂಗಡಿ ಹತ್ತಿಳಿದಿದ್ದರು. ಇದು ತಿಳಿದಾಗ ನನಗೆ ಸಂತೋಷವೇ ಆಯಿತು.

ಆ ನಿಧಿಯ ಉದ್ದೇಶಗಳಲ್ಲಿ ಅನಾಥ ಮಕ್ಕಳ ಪಾಲನೆಯೂ ಒಂದು. ಮಕ್ಕಳನ್ನು ಸಾಕಲು ಮುಂದೆ ಬಂದವರಲ್ಲಿ ಹೆಚ್ಚಿನವರು ಮಿಷನರಿಗಳು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ನಡೆಸಿದರು. ಕೆಥೋಲಿಕ್ ಪಾದ್ರಿಗಳು ಬೆಂಗಳೂರಿನ ಸುತ್ತ ಜಮೀನು ಹಿಡಿದು ಬರದ ಅನಾಥರಿಗಾಗಿ ಊರುಗಳನ್ನೇ ಕಟ್ಟಿದರು. ಹೆಸರಘಟ್ಟದ ಕಡೆಯ ಶಿಲುವೆಪುರ ಅಂಥದೊಂದು. ಮತಾಂತರದ ಜಗಳವನ್ನು ಇಲ್ಲಿ ಎತ್ತುವ ಇಷ್ಟ ನನಗಿಲ್ಲ. ಸಾಯುವ ಕೂಸಿಗೆ ಗಂಜಿ ಕೊಟ್ಟ ಕೈ ದೊಡ್ಡದು. ನಮ್ಮವರ ಕೈ ಅಷ್ಟು ಮುಂದೆ ಹೋಗಲಿಲ್ಲವೆಂಬುದೂ ನಿಜ.

ಒಂದು ಭಾನುವಾರ ಬಸ್ಸು ಹತ್ತಿ ಶಿಲುವೆಪುರಕ್ಕೆ ಹೋದೆ. ಇಗರ್ಜಿಯ ಹತ್ತಿರ ಜಗಲಿಯ ಮೇಲೆ ಕೂತಿದ್ದ ಮುದುಕರೊಬ್ಬರನ್ನು ಮಾತಿಗೆಳೆದೆ. ಅವರ ಮುತ್ತಾತ ಬರದ ಕೂಸಂತೆ. "ಯಾವ ಊರಿನವರು?" ಎಂದು ಕೇಳಿದೆ.

"ಅದೇ ಗೊತ್ತಿಲ್ಲ ಸ್ವಾಮಿ. ಯಾರೂ ಬರೆದಿಡಲಿಲ್ಲ. ಅವರಮ್ಮ ಗಂಜಿ ಮನೆ ಹತ್ರ ಬಿಟ್ಟು ಕೂಲಿಗೆ ಹೋದಳಂತೆ. ಸತ್ತಳೋ, ತಿರುಗಿ ಬಂದು ಹುಡುಕಿದಳೋ. ಬಂದಿದ್ರೂ ಅಷ್ಟೊತ್ತಿಗೆ ಮಗ ಇಲ್ಲಿಗೆ ಬಂದಿದ್ದ" ಎಂದರು. ಹೇಳುವಾಗ ದುಃಖವೇನೂ ಇರಲಿಲ್ಲ, ಬೇರೆಯವರ ಮನೆಯ ವಿಷಯದ ಹಾಗೆ ಹೇಳಿದರು. ಒಳಗಿನಿಂದ ಮೊಮ್ಮಗಳು ಮಜ್ಜಿಗೆ ತಂದುಕೊಟ್ಟಳು.

ತಿರುಗಿ ಬರುವಾಗ ಬಸ್ಸಿನಲ್ಲಿ ರಸೀದಿ ಪುಸ್ತಕ ತೆಗೆದು ನೋಡಿದೆ. "ಅನಾಥ ಮಕ್ಕಳ ವಸತಿಗಾಗಿ" ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅನಾಥರೆಂದು ಯಾರು ಹೇಳಿದರು? ನಾವು ಯಾರೂ ಕೇಳಿರಲಿಲ್ಲ.

ಮನೆಗೆ ಬಂದು ಆ ಸಂಸ್ಥೆಗೆ ಬರೆಸಿದೆ: ಎಷ್ಟು ಮಕ್ಕಳಿಗೆ ತಂದೆ ತಾಯಿ ಇದ್ದಾರೆ, ಯಾವ ಊರಿನಿಂದ ಬಂದವರು, ಪಟ್ಟಿ ಕಳಿಸಿ. ಹುಡುಗರಿಗೆ ಇದು ಹಿಡಿಸಲಿಲ್ಲ. "ಸಾರ್, ಮಳೆಗಾಲ ಬರ್ತಾ ಇದೆ, ಮಕ್ಕಳು ಟಾರ್ಪಾಲಿನ ಕೆಳಗಿವೆ. ನೀವು ಪಟ್ಟಿ ಕೇಳ್ತೀರಲ್ಲ" ಎಂದು ಒಬ್ಬ ರೇಗಿಯೇಬಿಟ್ಟ. ಅವನ ಮಾತಿನಲ್ಲೂ ನ್ಯಾಯವಿತ್ತು. ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಅದೇ ದಿನಗಳಲ್ಲಿ ನೇಪಾಳ ಸರ್ಕಾರವೇ ತಂದೆ ತಾಯಿ ಜೊತೆಗಿಲ್ಲದ ಮಕ್ಕಳನ್ನು ಅನುಮತಿಯಿಲ್ಲದೆ ಜಿಲ್ಲೆಯಿಂದಾಚೆ ಸಾಗಿಸಬಾರದೆಂದು ಕಟ್ಟು ಮಾಡಿತು. ಹೊಸ ಮಕ್ಕಳ ಮನೆಗಳ ನೋಂದಣಿಯನ್ನೂ ನಿಲ್ಲಿಸಿತು. ಅಲ್ಲಿನ ಅನಾಥಾಲಯಗಳಲ್ಲಿದ್ದ ಬಹುಪಾಲು ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿಯೇ ಇದ್ದರು. ವಿದೇಶದಿಂದ ಹಣ ಬಂದಷ್ಟೂ ಊರೂರಿನಿಂದ ಮಕ್ಕಳನ್ನು ತರುವವರು ಹೆಚ್ಚುತ್ತಾರೆಂದು ಯುನಿಸೆಫ್ ಕೂಡ ಎಚ್ಚರಿಸಿತು.

ನಾವು ಕೇಳಿದ ಪಟ್ಟಿ ಬರಲೇ ಇಲ್ಲ. ಕಟ್ಟಡ ಎಷ್ಟು ಚದರ, ಎಷ್ಟು ಕೋಣೆ ಎಂಬ ವಿವರ ಮಾತ್ರ ಬಂತು, ಬಣ್ಣದ ಚಿತ್ರದ ಸಮೇತ. ಕೊನೆಗೆ ಹುಡುಗರೇ ಓಡಾಡಿ, ಕಠ್ಮಂಡುವಿನಲ್ಲಿದ್ದ ಪರಿಚಯದವರನ್ನು ಹಿಡಿದು, ಮನೆ ಬಿದ್ದ ಒಂದು ಹಳ್ಳಿಗೆ ತಗಡಿನ ಶೀಟು ಕೊಡಿಸುವ ಏರ್ಪಾಡು ಮಾಡಿದರು. ತಾಯಂದಿರ ಮನೆಗೆ ಸೂರು ಹಾಕಿದರೆ ಮಕ್ಕಳಿಗೂ ಆಯಿತಲ್ಲ ಎಂದು ಮೊದಲು ಹೇಳಿದವನು ಅಂದು ರೇಗಿದ ಹುಡುಗನೇ. ಹಣ ಕೊಟ್ಟ ಒಂದೊಂದು ಅಂಗಡಿಗೂ ನಾನು ಮತ್ತೆ ಹೋಗಿ ವಿಷಯ ತಿಳಿಸಿದೆ. ಇಬ್ಬರು ಹಣ ವಾಪಸು ಕೇಳಿದರು, ಕೊಟ್ಟೆವು.

ಕಡೆಯಲ್ಲಿ ಯಜಮಾನರ ಅಂಗಡಿ. ಲಂಡನ್ನಿನಿಂದ ಶಿಲುವೆಪುರದವರೆಗೆ ಎಲ್ಲವನ್ನೂ ಹೇಳಿದೆ. ಗಿರಾಕಿಗಳನ್ನು ಮಗನಿಗೆ ಬಿಟ್ಟು ಪೂರ್ತಿ ಕೇಳಿದರು. ಚೆಕ್ಕು ಬರೆದು ಕೈಗಿತ್ತ ಮೇಲೆ, "ಆ ತಾಯಿ ತಿರುಗಿ ಬಂದಿರ್ತಾಳೆ ಅಂತೀರಾ ಮೇಷ್ಟ್ರೇ?" ಎಂದು ಕೇಳಿದರು.